ಪುಸ್ತಕ ಮುಚ್ಚಿ ಕಲಿತ ಇಂಗ್ಲಿಷ್: ಬೇಲೂರಿನ ಒಬ್ಬ ವಿದ್ಯಾರ್ಥಿನಿಯ ಪ್ರಕರಣ

ಈ ಪ್ರಕರಣದ ವಿದ್ಯಾರ್ಥಿನಿ ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆಯ ಒಂದು ಊರಿನವಳು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಓದಿ, ಬೇಲೂರಿನ ಪದವಿಪೂರ್ವ ಕಾಲೇಜೊಂದರ ಕಲಾ ವಿಭಾಗಕ್ಕೆ ಸೇರಿದಳು. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ನಾಲ್ಕನ್ನೂ ಕನ್ನಡದಲ್ಲೇ ಬರೆಯುತ್ತಿದ್ದಳು, ಚೆನ್ನಾಗಿಯೇ ಬರೆಯುತ್ತಿದ್ದಳು. ಕಾಡುತ್ತಿದ್ದದ್ದು ಇಂಗ್ಲಿಷ್ ಒಂದೇ. ಪಿಯುಸಿಯ ಎರಡೂ ವರ್ಷ ಅವಳಿಗೆ ಇಂಗ್ಲಿಷ್ ಪಾಠ ಮಾಡಿದವಳು ನಾನು. ಅವಳ ಒಪ್ಪಿಗೆ ಪಡೆದು, ಹೆಸರನ್ನೂ ಊರನ್ನೂ ಬಿಟ್ಟು, ಅವಳು ವಾರವಾರವೂ ಬರೆದುಕೊಂಡು ಬಂದ ಪುಸ್ತಕವನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಕಲಾ ವಿಭಾಗದ ಮಕ್ಕಳು ಇಂಗ್ಲಿಷಿನಲ್ಲಿ ಹಿಂದುಳಿದರೆ ನಾವು ಸಾಮಾನ್ಯವಾಗಿ ಹೇಳುವುದು ಎರಡು ಮಾತು: ಬುನಾದಿ ಗಟ್ಟಿಯಿಲ್ಲ, ಕಷ್ಟಪಟ್ಟು ಓದುವುದಿಲ್ಲ. ಇವಳ ವಿಷಯದಲ್ಲಿ ಎರಡನೆಯ ಮಾತನ್ನು ಯಾರೂ ಆಡುವಂತಿರಲಿಲ್ಲ. ತರಗತಿಯಲ್ಲಿ ಅವಳಷ್ಟು ಹೊತ್ತು ಇಂಗ್ಲಿಷ್ ಪುಸ್ತಕದ ಮುಂದೆ ಕುಳಿತವರು ಬೇರೊಬ್ಬರಿರಲಿಲ್ಲ. ಮೊದಲನೆಯದನ್ನೂ ಪೂರ್ತಿ ಒಪ್ಪಲಾಗದು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತದೆ. ಅಂದರೆ ನನ್ನ ಬಳಿಗೆ ಬರುವ ಹೊತ್ತಿಗೆ ಅವಳು ಹತ್ತು ವರ್ಷ ಆ ಭಾಷೆಯನ್ನು ಓದಿಯಾಗಿತ್ತು. ಹತ್ತು ವರ್ಷ ಓದಿದರೂ, ಶ್ರದ್ಧೆಗೆ ಕೊರತೆಯಿಲ್ಲದಿದ್ದರೂ, ನಾಲ್ಕು ವಾಕ್ಯ ಸ್ವಂತವಾಗಿ ಬರೆಯಲಾಗದ ಸ್ಥಿತಿ ಏಕೆ ಬಂತು ಎಂಬುದೇ ಇಲ್ಲಿನ ಪ್ರಶ್ನೆ.

ನೋಟ್ಸ್ ಪುಸ್ತಕದಲ್ಲಿ ಕಂಡದ್ದು

ಪ್ರಥಮ ಪಿಯುಸಿಯ ಮಧ್ಯವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಯನ್ನು ನೋಡಿದ ಮೇಲೆ ಅವಳ ನೋಟ್ಸ್ ಪುಸ್ತಕ ತರಿಸಿಕೊಂಡೆ. ಅಕ್ಷರ ಮುತ್ತಿನಂತಿತ್ತು. ಪ್ರತಿ ಪಾಠಕ್ಕೂ ಕಷ್ಟಪದಗಳ ಪಟ್ಟಿ. ಎದುರಿಗೆ ಗೈಡಿನಿಂದ ಎತ್ತಿಕೊಂಡ ಕನ್ನಡ ಅರ್ಥ. ಕೆಳಗೆ ಅದೇ ಪದ ಐದೈದು ಸಲ. ಆಮೇಲೆ ಪ್ರಶ್ನೋತ್ತರ, ಅದೂ ಗೈಡಿನದೇ. ಮುಖ್ಯ ವಾಕ್ಯಗಳ ಅಡಿಯಲ್ಲಿ ಹಸಿರು, ಗುಲಾಬಿ ಸ್ಕೆಚ್ ಪೆನ್ನಿನ ಗೆರೆ. ಹತ್ತನೇ ತರಗತಿಯಲ್ಲಿ ಅವಳನ್ನು ದಾಟಿಸಿದ್ದು ‘ಪಾಸಿಂಗ್ ಪ್ಯಾಕೇಜ್’ ಎಂದು ಹಂಚುವ ಪ್ರಶ್ನೋತ್ತರಗಳು. ಆಗ ನಡೆದ ದಾರಿಯಲ್ಲೇ ಪಿಯುಸಿಯಲ್ಲೂ ನಡೆಯುತ್ತಿದ್ದಳು.

ಉತ್ತರಪತ್ರಿಕೆಯಲ್ಲಿ ನಾಲ್ಕು ಅಂಕದ ಒಂದು ಪ್ರಶ್ನೆಗೆ ಅವಳು ಬರೆದದ್ದು ಮೂರು ವಾಕ್ಯ. ಮೂರೂ ಅಚ್ಚುಕಟ್ಟು, ಗೈಡಿನಲ್ಲಿದ್ದಂತೆಯೇ. ನಾಲ್ಕನೆಯ ವಾಕ್ಯ ಅರ್ಧಕ್ಕೆ ನಿಂತಿತ್ತು. ಆಮೇಲೆ ಏನೂ ಇಲ್ಲ. ನಾನು ಕೇಳಿದಾಗ ಹೇಳಿದಳು: “ಒಂದು ಪದ ಮರೆತುಹೋಯಿತು, ಮೇಡಂ. ಅದು ಬರದಿದ್ದರೆ ಮುಂದಿನದು ಬರುವುದಿಲ್ಲ.” ಕಥೆ ಗೊತ್ತಿತ್ತೇ ಎಂದು ಕೇಳಿದೆ. ಕನ್ನಡದಲ್ಲಿ ಇಡೀ ಕಥೆಯನ್ನು, ಪಾತ್ರಗಳ ಸ್ವಭಾವದ ಸಮೇತ, ನಿಂತಲ್ಲೇ ಹೇಳಿದಳು. ಪಾಠ ಅರ್ಥವಾಗಿತ್ತು, ಉತ್ತರವೂ ಗೊತ್ತಿತ್ತು. ಅದನ್ನು ಇಂಗ್ಲಿಷಿಗೆ ತರುವ ದಾರಿ ಮಾತ್ರ ಅವಳಿಗೆ ಒಂದೇ ಗೊತ್ತಿತ್ತು: ಬೇರೆಯವರು ಬರೆದದ್ದನ್ನು ಹಾಗೆಯೇ ನೆನಪಿಟ್ಟುಕೊಳ್ಳುವುದು.

ಕನ್ನಡದಲ್ಲಿ ಬರೆಸಿದ ಅವಲೋಕನ

ಆ ವರ್ಷ ನಾನು ಇಡೀ ತರಗತಿಗೆ ಒಂದು ಕೆಲಸ ಕೊಟ್ಟಿದ್ದೆ. ರೆಬೆಕಾ ಆಕ್ಸ್‌ಫರ್ಡ್ 1990ರಲ್ಲಿ ಭಾಷೆ ಕಲಿಯುವವರು ಬಳಸುವ ತಂತ್ರಗಳನ್ನು ಆರು ಗುಂಪುಗಳಾಗಿ ವಿಂಗಡಿಸಿದರು: ನೆನಪಿನಲ್ಲಿ ಕೂರಿಸುವವು, ಬುದ್ಧಿಯಿಂದ ಬಿಡಿಸಿ ಜೋಡಿಸುವವು, ತಿಳಿಯದ್ದನ್ನು ತುಂಬಿಕೊಳ್ಳುವವು, ತನ್ನ ಕಲಿಕೆಯನ್ನು ತಾನೇ ಯೋಜಿಸಿ ಪರಿಶೀಲಿಸುವವು, ಮನಸ್ಸಿನ ಅಳುಕನ್ನು ಸಂಭಾಳಿಸುವವು, ಇತರರೊಡನೆ ಬೆರೆತು ಕಲಿಯುವವು. ಈ ವಿಂಗಡಣೆಯ ಮೇಲೆ ಅವರು ರೂಪಿಸಿದ ಪ್ರಶ್ನಾವಳಿಯಲ್ಲಿ ಪ್ರತಿ ಹೇಳಿಕೆಗೂ 1ರಿಂದ 5ರವರೆಗೆ ಅಂಕ ಕೊಟ್ಟುಕೊಳ್ಳಬೇಕು. ಅದೇ ಬಗೆಯ ಕೆಲವು ಹೇಳಿಕೆಗಳನ್ನು ಕನ್ನಡದಲ್ಲಿ ಬರೆದು ಮಕ್ಕಳಿಗೆ ಕೊಟ್ಟೆ.

ಮಕ್ಕಳು ಮೇಡಂಗೆ ಯಾವುದು ಇಷ್ಟವೋ ಅದಕ್ಕೆ 5 ಹಾಕಿದರು. ‘ಇಂಗ್ಲಿಷ್ ಮಾತನಾಡಲು ಅವಕಾಶ ಹುಡುಕುತ್ತೇನೆ’ ಎಂಬ ಹೇಳಿಕೆಗೆ, ತರಗತಿಯಲ್ಲಿ ಬಾಯಿಯೇ ತೆರೆಯದವರೂ 4 ಕೊಟ್ಟಿದ್ದರು. ಅದನ್ನು ಕಪಟ ಎನ್ನಲಾರೆ. ತಾನು ಹೇಗೆ ಕಲಿಯುತ್ತೇನೆ ಎಂಬುದನ್ನು ಒಂದು ಅಂಕೆಯಲ್ಲಿ ಹೇಳಲು ಮೊದಲು ಅದನ್ನು ಗಮನಿಸಿರಬೇಕಲ್ಲವೇ? ಆ ಗಮನವನ್ನೇ ನಾವು ಎಂದೂ ಕಲಿಸಿಲ್ಲ.

ಹಾಗಾಗಿ ಅಂಕೆಗಳನ್ನು ಬಿಟ್ಟು ವಾರಕ್ಕೆ ಅರ್ಧ ಪುಟ ಬರೆಸಲು ಶುರುಮಾಡಿದೆ. ಈ ವಾರ ಇಂಗ್ಲಿಷಿನಲ್ಲಿ ಏನು ಕಲಿಯಲು ನೋಡಿದೆ, ಹೇಗೆ ನೋಡಿದೆ, ಎಷ್ಟು ಉಳಿಯಿತು, ಅಷ್ಟೇ. ಬರೆಯಬೇಕಾದದ್ದು ಕನ್ನಡದಲ್ಲಿ. ಇಂಗ್ಲಿಷ್ ತರಗತಿಯಲ್ಲಿ ಕನ್ನಡವೇ ಎಂದು ಸಹೋದ್ಯೋಗಿಯೊಬ್ಬರು ಹುಬ್ಬೇರಿಸಿದರು. ನನ್ನ ಉತ್ತರ ಆಗಲೂ ಈಗಲೂ ಒಂದೇ. ಬಾರದ ಭಾಷೆಯಲ್ಲಿ ಬರೆಯಿರಿ ಎಂದರೆ ಮಗುವಿನ ಗಮನವೆಲ್ಲ ವ್ಯಾಕರಣಕ್ಕೆ ಹೋಗುತ್ತದೆ, ತನ್ನ ಕಲಿಕೆಯನ್ನು ನೋಡಿಕೊಳ್ಳಲು ಏನೂ ಉಳಿಯುವುದಿಲ್ಲ. ಯೋಚಿಸಲು ಬರುವ ಭಾಷೆಯಲ್ಲಿ ಬರೆಸಿದರೆ ಸತ್ಯ ಹೊರಬರುತ್ತದೆ.

ಮೊದಲ ಕೆಲವು ವಾರ ಅವಳು ಬರೆದದ್ದು ಬರೀ ಲೆಕ್ಕ: ಎಷ್ಟು ಪುಟ, ಎಷ್ಟು ಗಂಟೆ, ಎಷ್ಟು ಪದ. ಆಮೇಲೆ ಒಂದು ವಾರ ಹೀಗೆ ಬರೆದಳು:

“ಬಸ್ಸಿನಲ್ಲಿ ನಿಲ್ಲಲು ಮಾತ್ರ ಜಾಗವಿತ್ತು, ಪುಸ್ತಕ ತೆಗೆಯಲಾಗಲಿಲ್ಲ. ನಿನ್ನೆ ರಾತ್ರಿ ಐದೈದು ಸಲ ಬರೆದ ಇಪ್ಪತ್ತು ಪದಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳಲು ನೋಡಿದೆ. ನಾಲ್ಕು ಬಂದವು. ಅದರಲ್ಲಿ ಶೇಡ್, ಹಾರ್ವೆಸ್ಟ್, ಸೀಡ್ಲಿಂಗ್ ಮೂರೂ ನಮ್ಮ ತೋಟದಲ್ಲಿ ದಿನವೂ ಕೇಳುವ ಮಾತು. ಹಾಗಾದರೆ ರಾತ್ರಿ ಕಲಿತದ್ದು ಒಂದೇ.”

ಎರಡು ವರ್ಷದ ಆ ಪುಸ್ತಕದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಈ ನಾಲ್ಕು ಸಾಲು. ಯಾರೂ ಹೇಳಿಕೊಡದೆ ಅವಳು ತನ್ನ ಶ್ರಮವನ್ನೂ ಅದರ ಫಲವನ್ನೂ ಬೇರೆಬೇರೆಯಾಗಿ ಅಳೆದಿದ್ದಳು. ಅದಕ್ಕೆ ಮೊದಲು ಅವಳಿಗೆ ಎರಡೂ ಒಂದೇ ಆಗಿದ್ದವು. ಬರೆದೆ ಎಂದರೆ ಕಲಿತೆ ಎಂದರ್ಥ.

ನಾನು ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದೆ: ಮಗ್ಗಿಯನ್ನು ಹೇಗೆ ಕಲಿತೆ?

ಅಜ್ಜಿಯ ಬಾಯಿಪಾಠ

ಮುಂದಿನ ವಾರದ ಅರ್ಧ ಪುಟ ಎರಡು ಪುಟವಾಗಿ ಬಂತು. ದೀಪ ಹಚ್ಚಿದ ಮೇಲೆ ಅಜ್ಜಿ ಅವಳನ್ನೂ ತಮ್ಮನನ್ನೂ ಜಗಲಿಯಲ್ಲಿ ಕೂರಿಸಿಕೊಂಡು ಬಾಯಿಪಾಠ ಹೇಳಿಸುತ್ತಿದ್ದರಂತೆ. ಮಗ್ಗಿ, ವಾರ, ತಿಥಿ, 27 ನಕ್ಷತ್ರ, ಪ್ರಭವ ವಿಭವದಿಂದ ಶುರುವಾಗುವ 60 ಸಂವತ್ಸರ. ಅಜ್ಜಿಗೆ ಓದು ಬಾರದು. ಹಾಗಾಗಿ ಅವರ ಕೈಯಲ್ಲಿ ಪುಸ್ತಕವಿರಲಿಲ್ಲ, ಮೊಮ್ಮಕ್ಕಳ ಕೈಯಲ್ಲೂ ಇರುತ್ತಿರಲಿಲ್ಲ. ತಡವರಿಸಿದರೆ ಅಜ್ಜಿ ತಕ್ಷಣ ಹೇಳಿಕೊಡುತ್ತಿರಲಿಲ್ಲ, ಸ್ವಲ್ಪ ಹೊತ್ತು ಕಾಯುತ್ತಿದ್ದರು. ಬಾರದೆ ಹೋದರೆ ಹೇಳಿಕೊಟ್ಟು ಅದೇ ಸಾಲಿನಿಂದ ಮತ್ತೆ ಹೇಳಿಸುತ್ತಿದ್ದರು. ಮರುದಿನ ಮೊದಲು ಕೇಳುತ್ತಿದ್ದದ್ದು ಹಿಂದಿನ ದಿನ ತಡವರಿಸಿದ ಮಗ್ಗಿಯನ್ನೇ. ಚೆನ್ನಾಗಿ ಬರುತ್ತಿದ್ದದ್ದನ್ನು ವಾರಕ್ಕೊಮ್ಮೆ ಕೇಳಿದರೆ ಸಾಕಾಗಿತ್ತು. ಕೊನೆಯಲ್ಲಿ ಅವಳು ಬರೆದಿದ್ದಳು: “ಏಳರ ಮಗ್ಗಿಯನ್ನು ನಾನು ಐದು ಸಲ ಬರೆದು ಕಲಿಯಲಿಲ್ಲ, ಮೇಡಂ. ಹೇಳಿ ಕಲಿತೆ.”

ಬಾಯಿಪಾಠ ಎಂದರೆ ಮೂಗು ಮುರಿಯುವುದು ಈಗ ವಾಡಿಕೆಯಾಗಿದೆ. ಶಿಕ್ಷಣದ ಬಗ್ಗೆ ಯಾವ ಭಾಷಣ ಕೇಳಿದರೂ ‘ಉರು ಹೊಡೆಯುವುದನ್ನು ಬಿಡಿ’ ಎಂಬ ಮಾತು ಬಂದೇ ಬರುತ್ತದೆ. ಆ ಅಜ್ಜಿ ಜಗಲಿಯಲ್ಲಿ ಮಾಡಿಸುತ್ತಿದ್ದದ್ದನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಸಂಗತಿಗಳಿವೆ. ಒಂದು, ನೋಡದೆ ನೆನಪಿನಿಂದ ಹೊರತೆಗೆಯುವುದು. ಎರಡು, ನಡುವೆ ದಿನಗಳ ಅಂತರ ಕೊಟ್ಟು ಮತ್ತೆ ತೆಗೆಯುವುದು. ಮೂರು, ಬಾರದ್ದಕ್ಕೆ ಹೆಚ್ಚು, ಬರುವುದಕ್ಕೆ ಕಡಿಮೆ ಹೊತ್ತು ಕೊಡುವುದು. ನೆನಪಿನ ಬಗ್ಗೆ ನೂರಕ್ಕೂ ಹೆಚ್ಚು ವರ್ಷಗಳ ಸಂಶೋಧನೆ ಹೇಳಿರುವುದೂ ಬಹುಮಟ್ಟಿಗೆ ಇದನ್ನೇ.

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಕಲಿತು, ತಾನೇ ಮರೆತು, ಎಷ್ಟು ಹೊತ್ತಿಗೆ ಎಷ್ಟು ಮರೆಯಿತು ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಅತಿ ವೇಗವಾಗಿ ಆಗುವುದು ಕಲಿತ ಮೊದಲ ಕೆಲವು ಗಂಟೆಗಳಲ್ಲಿ. ಆಮೇಲೆ ಅದರ ವೇಗ ತಗ್ಗುತ್ತದೆ. ಆ ಪ್ರಯೋಗದಲ್ಲಿ ಪರೀಕ್ಷಕನೂ ಅವರೇ, ಪರೀಕ್ಷೆಗೊಳಗಾದವರೂ ಅವರೇ. ಬಸ್ಸಿನಲ್ಲಿ ನಿಂತು ಇಪ್ಪತ್ತರಲ್ಲಿ ನಾಲ್ಕು ಎಂದು ಎಣಿಸಿದ ಹುಡುಗಿ ಮಾಡಿದ್ದೂ ಅದೇ ಜಾತಿಯ ಕೆಲಸ ಎಂದು ಹೇಳಲು ನನಗೆ ಹೆಮ್ಮೆಯಿದೆ.

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಹತ್ತಿರದ್ದು. ಕಾಲೇಜು ವಿದ್ಯಾರ್ಥಿಗಳು ಎರಡು ಗದ್ಯಭಾಗಗಳನ್ನು ಓದಿದರು. ಆಮೇಲೆ ಒಂದನ್ನು ಮತ್ತೊಮ್ಮೆ ಓದಿದರು, ಇನ್ನೊಂದನ್ನು ಓದುವ ಬದಲು ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದ್ದೇ ಮೇಲಾಗಿತ್ತು. ಒಂದು ವಾರದ ನಂತರ ಲೆಕ್ಕ ತಿರುಗಿಬಿದ್ದಿತು: ನೆನಪಿನಿಂದ ಬರೆದದ್ದರಲ್ಲಿ ಶೇ 56ರಷ್ಟು, ಮತ್ತೆ ಓದಿದ್ದರಲ್ಲಿ ಶೇ 42ರಷ್ಟು ಉಳಿದಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ ಮಕ್ಕಳು ‘ಎಲ್ಲ ಬರುತ್ತದೆ’ ಎಂದು ನಂಬಿ ಮಲಗುವುದೇಕೆ ಎಂಬುದಕ್ಕೆ ಆ ಐದು ನಿಮಿಷದ ಫಲಿತಾಂಶವೇ ಉತ್ತರ. ಓದಿದೊಡನೆ ಎಲ್ಲವೂ ಪರಿಚಿತವಾಗಿ ಕಾಣುತ್ತದೆ. ಪರಿಚಯವನ್ನು ನಾವು ಕಲಿಕೆ ಎಂದುಕೊಳ್ಳುತ್ತೇವೆ. ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಹತ್ತು ಓದುವ ವಿಧಾನಗಳನ್ನು ತೂಗಿ ನೋಡಿದಾಗಲೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಅಂತರ ಕೊಟ್ಟು ಓದುವುದು ಇವೆರಡೇ ಮೇಲ್ದರ್ಜೆಗೆ ಬಂದವು. ಗೆರೆ ಎಳೆಯುವುದು, ಮತ್ತೆಮತ್ತೆ ಓದುವುದು ಕೆಳಗುಳಿದವು. ಹಸಿರು, ಗುಲಾಬಿ ಗೆರೆಗಳಿಗೆ ನನ್ನ ವಿದ್ಯಾರ್ಥಿನಿ ಸುರಿದ ಸಂಜೆಗಳನ್ನು ನೆನೆದರೆ ಸಂಕಟವಾಗುತ್ತದೆ.

ಹೀಗಾಗಿ ನಾನು ಉರು ಹೊಡೆಯುವುದಕ್ಕೆ ವಿರೋಧಿಯಲ್ಲ. ನನ್ನ ವಿರೋಧ ನಕಲು ಬರೆಯುವುದಕ್ಕೆ. ಮನೆಯ ಜಗಲಿಯಲ್ಲಿದ್ದ ವಿದ್ಯೆಯನ್ನು ಶಾಲೆ ಕೈಬಿಟ್ಟು ಅದರ ಜಾಗದಲ್ಲಿ ನಕಲನ್ನು ಕೂರಿಸಿತು. ಆಮೇಲೆ ಆಗುವ ಸೋಲಿಗೆ ಬಾಯಿಪಾಠದ ಹೆಸರು ಕೆಟ್ಟಿತು.

ಲಗ್ನಪತ್ರಿಕೆಯ ಚೀಟಿಗಳು

ಮನೆಗೆ ಬಂದ ಹಳೆಯ ಲಗ್ನಪತ್ರಿಕೆಗಳನ್ನು ಅವಳು ಚೀಟಿಗಳಾಗಿ ಕತ್ತರಿಸಿಕೊಂಡಳು. ಹಿಂಬದಿ ಖಾಲಿ, ಕಾಗದ ಗಟ್ಟಿ, ಖರ್ಚಿಲ್ಲ. ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ವಿವರಿಸಿದ ಡಬ್ಬಿಯ ಕ್ರಮವನ್ನು ನಾನು ತಿಳಿಸಿದೆ. ಚಪ್ಪಲಿ ಡಬ್ಬಿಯಲ್ಲಿ ಮೂರು ಖಾನೆ ಮಾಡಿದಳು. ಹೊಸ ಚೀಟಿ ಮೊದಲ ಖಾನೆಯಲ್ಲಿ, ಅದು ದಿನವೂ ಕೇಳಿಕೊಳ್ಳಬೇಕಾದದ್ದು. ಸರಿಯಾಗಿ ಬಂದರೆ ಎರಡನೆಯದಕ್ಕೆ, ಮತ್ತೂ ಬಂದರೆ ವಾರಕ್ಕೊಮ್ಮೆ ನೋಡುವ ಮೂರನೆಯದಕ್ಕೆ. ಎಲ್ಲಿ ತಪ್ಪಿದರೂ ಮತ್ತೆ ಮೊದಲ ಖಾನೆಗೆ. ಅಜ್ಜಿಯ ಲೆಕ್ಕವೇ ಡಬ್ಬಿಗೆ ಇಳಿದಿತ್ತು.

ಚೀಟಿಯ ಒಂದು ಬದಿಯಲ್ಲಿ ಕನ್ನಡ ಅರ್ಥ, ಇನ್ನೊಂದು ಬದಿಯಲ್ಲಿ ಇಂಗ್ಲಿಷ್ ಪದ ಎಂದು ಶುರುಮಾಡಿದವಳು ಕೆಲವು ವಾರಗಳಲ್ಲೇ ಅದನ್ನು ಬದಲಾಯಿಸಿದಳು. ಪದ ಬರುತ್ತದೆ, ವಾಕ್ಯದಲ್ಲಿ ಎಲ್ಲಿ ಕೂರಿಸಬೇಕೋ ತಿಳಿಯುವುದಿಲ್ಲ ಎಂಬುದು ಅವಳ ಟಿಪ್ಪಣಿ. ಆಮೇಲಿನ ಚೀಟಿಗಳಲ್ಲಿ ಪದ ಬಿಟ್ಟುಹೋದ ಇಂಗ್ಲಿಷ್ ವಾಕ್ಯವಿರುತ್ತಿತ್ತು, ಆ ವಾಕ್ಯ ಅವಳ ಮನೆ, ತೋಟ, ಬಸ್ಸು, ತಮ್ಮನ ಜಗಳಕ್ಕೆ ಸಂಬಂಧಿಸಿದ್ದಾಗಿರುತ್ತಿತ್ತು. ಅರ್ಥ ಖಚಿತವಾಗಬೇಕಾದಾಗ ಕಾಲೇಜಿನ ಗ್ರಂಥಾಲಯದಲ್ಲಿದ್ದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ನೋಡುತ್ತಿದ್ದಳು. ಗೈಡು ನಿಧಾನವಾಗಿ ಬದಿಗೆ ಸರಿಯಿತು.

ಪ್ರಶ್ನೋತ್ತರಕ್ಕೂ ಇದೇ ದಾರಿ. ಪಾಠ ಓದಿ, ಒಂದು ಉತ್ತರಕ್ಕೆ ನಾಲ್ಕೈದು ಕನ್ನಡ ಸುಳಿವು ಬರೆದು, ಪುಸ್ತಕ ಮುಚ್ಚಿ, ತಮ್ಮನ ಎದುರು ಇಂಗ್ಲಿಷಿನಲ್ಲಿ ಹೇಳುವುದು. ವಾಕ್ಯಗಳು ಕುಂಟುತ್ತಿದ್ದವು. ಆದರೆ ಒಂದು ಪದ ಮರೆತರೆ ಇಡೀ ಉತ್ತರ ಕುಸಿಯುವುದು ಅಲ್ಲಿಗೆ ನಿಂತಿತು. ಮುಂದಿನ ಕಿರು ಪರೀಕ್ಷೆಯ ಉತ್ತರಗಳಲ್ಲಿ ತಪ್ಪುಗಳು ಮೊದಲಿಗಿಂತ ಹೆಚ್ಚಿದ್ದವು, ಉತ್ತರಗಳೂ ಹೆಚ್ಚಿದ್ದವು. ಆ ತಪ್ಪುಗಳನ್ನು ಕಂಡು ನನಗೆ ಸಂತೋಷವಾಯಿತು. ಅವು ಅವಳ ಸ್ವಂತ ವಾಕ್ಯಗಳ ತಪ್ಪುಗಳಾಗಿದ್ದವು.

ತಪ್ಪುಗಳ ಪುಸ್ತಕ

ಸ್ವಂತ ತಪ್ಪುಗಳು ಬಂದ ಮೇಲೆ ಅವನ್ನು ಕೂಡಿಡಲು ಹೇಳಿದೆ. ಪುಸ್ತಕದ ಹಿಂಬದಿಯಿಂದ ಬರೆಯಲಾರಂಭಿಸಿದಳು: ಎಡಕ್ಕೆ ತಾನು ಬರೆದದ್ದು, ಬಲಕ್ಕೆ ತಿದ್ದಿದ್ದು, ಕೆಳಗೆ ಕಾರಣ. ಆ ‘ಕಾರಣ’ದ ಸಾಲನ್ನು ನಾನು ಬರೆಯುತ್ತಿರಲಿಲ್ಲ, ಅವಳೇ ಊಹಿಸಬೇಕಿತ್ತು.

ಕೆಲವು ತಿಂಗಳಲ್ಲಿ ಅವಳಿಗೇ ಗೊತ್ತಾಯಿತು, ತಪ್ಪುಗಳು ನೂರಾರಿದ್ದರೂ ಜಾತಿಗಳು ಕೆಲವೇ. ‘ಡಿಡ್ ನಾಟ್ ವೆಂಟ್’ ಎಂಬಂಥವು ಒಂದು ಜಾತಿ: ಭೂತಕಾಲವನ್ನು ಎರಡು ಕಡೆ ಹಾಕುವುದು. ‘ಎ’, ‘ಆ್ಯನ್’, ‘ದ’ ಬಿಟ್ಟುಹೋಗುವುದು ಇನ್ನೊಂದು. ಕನ್ನಡದಲ್ಲಿ ಅವುಗಳಿಗೆ ಸರಿಸಾಟಿಯಾದದ್ದೇ ಇಲ್ಲ. ಮೂರನೆಯದು ಅವಳು ತಾನೇ ಕಂಡುಹಿಡಿದದ್ದು, ನನಗೆ ತುಂಬ ಹಿಡಿಸಿತು. ಅವಳ ಎಷ್ಟೋ ವಾಕ್ಯಗಳಲ್ಲಿ ಕರ್ತೃವೇ ಇರುತ್ತಿರಲಿಲ್ಲ. ‘ವೆಂಟ್ ಟು ಸಂತೆ. ಬಾಟ್ ವೆಜಿಟಬಲ್ಸ್.’ ಕಾರಣದ ಸಾಲಿನಲ್ಲಿ ಬರೆದಿದ್ದಳು: “ನಮ್ಮಲ್ಲಿ ‘ಹೋದೆ’ ಎಂದರೆ ನಾನು, ‘ಹೋದಳು’ ಎಂದರೆ ಅವಳು. ಕ್ರಿಯಾಪದವೇ ಹೇಳುತ್ತದೆ. ಇಂಗ್ಲಿಷಿನ ವೆಂಟ್ ಯಾರೆಂದು ಹೇಳುವುದಿಲ್ಲ. ಆದ್ದರಿಂದ ಮೊದಲು ಆಳನ್ನು ನಿಲ್ಲಿಸಬೇಕು.” ಹತ್ತು ವರ್ಷ ಕೆಂಪು ಶಾಯಿಯ ಸುತ್ತು ಕಂಡವಳು, ಆ ಸುತ್ತಿನ ಅರ್ಥವನ್ನು ತಾನೇ ಬರೆದುಕೊಂಡದ್ದು ಆ ದಿನ. ಅದಾದ ಮೇಲೆ ಆ ತಪ್ಪು ಬಹಳ ಬೇಗ ಕಡಿಮೆಯಾಯಿತು. ‘ದ’ ಮಾತ್ರ ಇಂದಿಗೂ ಕೈಕೊಡುತ್ತದೆ. ವರ್ಷಗಟ್ಟಲೆ ಓದಿ ಕೇಳಿ ಮೈಗೂಡಬೇಕಾದ ಸಂಗತಿ ಅದು, ನಿಯಮ ಬರೆದುಕೊಂಡ ಮಾತ್ರಕ್ಕೆ ಬರುವುದಿಲ್ಲ.

ಚೆನ್ನಕೇಶವನ ಅಂಗಳದಲ್ಲಿ

ಇಷ್ಟರವರೆಗೆ ಎಲ್ಲವೂ ಬರಹದ ಮಾತು. ಮಾತನಾಡುವ ಇಂಗ್ಲಿಷ್ ಎಲ್ಲಿಂದ ಬರಬೇಕು? ಮನೆಯಲ್ಲಿ ಇಲ್ಲ, ಬಸ್ಸಿನಲ್ಲಿ ಇಲ್ಲ, ತರಗತಿಯಲ್ಲಿ ನನ್ನೊಬ್ಬಳದು. ಅವಳು ಹುಡುಕಿಕೊಂಡ ಉತ್ತರ ಬೇಲೂರಿನಲ್ಲೇ ಇತ್ತು, ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ.

ದ್ವಿತೀಯ ಪಿಯುಸಿಯಲ್ಲಿ ಇತಿಹಾಸದ ಕಾರ್ಯಯೋಜನೆಗೆಂದು ಚೆನ್ನಕೇಶವ ದೇವಸ್ಥಾನಕ್ಕೆ ಹೋಗುತ್ತಿದ್ದಳು. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಅಂಗಳದಲ್ಲಿ ಗೈಡುಗಳು ಪ್ರವಾಸಿಗರ ಗುಂಪುಗಳಿಗೆ ಇಂಗ್ಲಿಷಿನಲ್ಲಿ ವಿವರಿಸುತ್ತಿರುತ್ತಾರೆ. ಅವಳು ಒಂದು ಗುಂಪಿನ ಹಿಂದೆ ಸ್ವಲ್ಪ ದೂರದಲ್ಲಿ ನಿಂತು ಕೇಳಿದಳು. ಮರುವಾರ ಮತ್ತೆ ಹೋದಳು. ಹಿರಿಯ ಗೈಡೊಬ್ಬರು ಗಮನಿಸಿ, “ಏನಮ್ಮಾ, ಪ್ರತಿ ಭಾನುವಾರವೂ ಬರುತ್ತೀಯಲ್ಲ?” ಎಂದು ಕೇಳಿದರಂತೆ. ಇಂಗ್ಲಿಷ್ ಕಲಿಯಲು ಎಂದು ಹೇಳಿದಾಗ, “ಹತ್ತಿರ ಬಂದು ಕೇಳು. ನಾನೂ ಹಿರಿಯರ ಹಿಂದೆ ನಿಂತು ಕೇಳಿಯೇ ಕಲಿತವನು” ಎಂದರಂತೆ. ಆ ಹಿರಿಯರಿಗೆ ನಾನು ಋಣಿ.

ಭಾಷೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಮೊದಲನೆಯದಾಗಿ, ಹೇಳುವ ವಿಷಯ ಅವಳಿಗೆ ಕನ್ನಡದಲ್ಲಿ ಮೊದಲೇ ಗೊತ್ತಿತ್ತು: ವಿಷ್ಣುವರ್ಧನನ ಕಾಲ, 1117ರ ಪ್ರತಿಷ್ಠೆ, ನಕ್ಷತ್ರಾಕಾರದ ಜಗತಿ, ಬಳಪದ ಕಲ್ಲು, ಮದನಿಕೆಯರು. ಹೊಸದಾಗಿದ್ದದ್ದು ಭಾಷೆಯಷ್ಟೇ. ಅಲ್ಲದೆ, ಮಾತು ಯಾವುದರ ಬಗ್ಗೆಯೋ ಅದು ಕಣ್ಣೆದುರಿಗೇ ಇತ್ತು. ಗೈಡು ದರ್ಪಣಸುಂದರಿಯತ್ತ ಕೈತೋರಿಸಿ ಹೇಳುವಾಗ ‘ಮಿರರ್’ ಎಂದರೇನೆಂದು ನಿಘಂಟು ನೋಡಬೇಕಾಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅದೇ ವಿವರಣೆ ಗುಂಪಿನಿಂದ ಗುಂಪಿಗೆ ಮರುಕಳಿಸುತ್ತದೆ, ಆದರೆ ಎಂದೂ ಪೂರ್ತಿ ಅದೇ ಆಗಿರುವುದಿಲ್ಲ. ಪ್ರವಾಸಿಗರು ಕೇಳುವ ಪ್ರಶ್ನೆ ಬದಲಾದಂತೆ ವಾಕ್ಯಗಳೂ ಬದಲಾಗುತ್ತವೆ. ಗೈಡ್ ಪುಸ್ತಕದಲ್ಲಿದ್ದ ಉತ್ತರಕ್ಕೂ ಗೈಡಿನ ಬಾಯಲ್ಲಿದ್ದ ಉತ್ತರಕ್ಕೂ ಇದ್ದ ವ್ಯತ್ಯಾಸ ಇದೇ.

ಅವಳು ಅಲ್ಲಿ ಬರೆದುಕೊಳ್ಳುತ್ತಿರಲಿಲ್ಲ. ಊರಿಗೆ ಹೋಗುವ ಬಸ್ಸಿನಲ್ಲಿ ಕೇಳಿದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡು, ಮನೆಯಲ್ಲಿ ಬರೆದು, ಖಾಲಿ ಉಳಿದ ಕಡೆಗಳನ್ನು ಮುಂದಿನ ಭಾನುವಾರ ಕಿವಿಗೊಟ್ಟು ತುಂಬಿಕೊಳ್ಳುತ್ತಿದ್ದಳು. ಏನನ್ನು ಕೇಳಲು ಹೋಗುತ್ತಿದ್ದೇನೆ ಎಂದು ಗೊತ್ತಿದ್ದು ಕೇಳುವುದು ಎಷ್ಟು ಬೇರೆ ಎಂಬುದನ್ನು ಅವಳ ಪುಟಗಳಲ್ಲಿ ಕಾಣಬಹುದು. ಖಾಲಿ ಜಾಗಗಳು ವಾರದಿಂದ ವಾರಕ್ಕೆ ಕಿರಿದಾಗುತ್ತಾ ಬಂದಿವೆ.

ಒಂದು ಭಾನುವಾರ ಹೊರರಾಜ್ಯದ ದಂಪತಿ ಅವಳನ್ನೇ ಪ್ರಶ್ನೆ ಕೇಳಿದರು: ಇಷ್ಟು ಸೂಕ್ಷ್ಮ ಕೆತ್ತನೆ ಕಲ್ಲಿನಲ್ಲಿ ಹೇಗೆ ಸಾಧ್ಯವಾಯಿತು? ಬಳಪದ ಕಲ್ಲಿಗೆ ಗೈಡು ಬಳಸುತ್ತಿದ್ದ ಪದ ಆ ಕ್ಷಣಕ್ಕೆ ಬಾಯಿಗೆ ಬರಲಿಲ್ಲ. ಒಂದು ವರ್ಷದ ಹಿಂದೆ ನಾಲ್ಕನೆಯ ವಾಕ್ಯದಲ್ಲಿ ನಿಂತುಹೋದವಳು ಈಗ ನಿಲ್ಲಲಿಲ್ಲ. ‘ದಿಸ್ ಸ್ಟೋನ್ ಇಸ್ ಸಾಫ್ಟ್, ವೆನ್ ಇಟ್ ಕಮ್ಸ್ ಫ್ರಮ್ ಗ್ರೌಂಡ್. ಲೇಟರ್ ಇಟ್ ಇಸ್ ಹಾರ್ಡ್’ ಎಂದಳಂತೆ. ಅವರಿಗೆ ಅರ್ಥವಾಯಿತು, ಮತ್ತೂ ಪ್ರಶ್ನೆ ಕೇಳಿದರು. ಆಕ್ಸ್‌ಫರ್ಡ್ ಅವರ ವಿಂಗಡಣೆಯಲ್ಲಿ ತಿಳಿಯದ್ದನ್ನು ತುಂಬಿಕೊಳ್ಳುವ ತಂತ್ರ ಎನ್ನುವುದು ಇದನ್ನೇ. ಅದಕ್ಕೂ ಮುಂಚೆ 1975ರಲ್ಲಿ ಜೋನ್ ರೂಬಿನ್ ಒಳ್ಳೆಯ ಭಾಷಾ ಕಲಿಕೆಗಾರರ ಲಕ್ಷಣಗಳನ್ನು ಪಟ್ಟಿಮಾಡಿದಾಗ ಊಹಿಸಲು ಹಿಂಜರಿಯದಿರುವುದನ್ನೂ, ಇದ್ದಷ್ಟು ಭಾಷೆಯಲ್ಲೇ ಹೇಳಬೇಕಾದ್ದನ್ನು ತಲುಪಿಸುವ ಹಟವನ್ನೂ ಸೇರಿಸಿದ್ದರು. ಪುಸ್ತಕದಲ್ಲಿ ಆ ವಾರ ಅವಳು ವ್ಯಾಕರಣದ ಬಗ್ಗೆ ಏನೂ ಬರೆಯಲಿಲ್ಲ. “ಅವರು ನನ್ನ ಇಂಗ್ಲಿಷನ್ನು ನೋಡಲಿಲ್ಲ, ಕಲ್ಲನ್ನು ನೋಡಿದರು” ಎಂದು ಮಾತ್ರ ಬರೆದಿದ್ದಳು.

ಕೊಯ್ಲಿನ ತಿಂಗಳುಗಳು

ಜನವರಿ, ಫೆಬ್ರುವರಿಯಲ್ಲಿ ಪುಸ್ತಕ ಖಾಲಿ. ಕಾಫಿ ಕೊಯ್ಲು. ಸಣ್ಣ ತೋಟ, ಕೂಲಿಯಾಳು ಸಿಗುವುದು ಕಷ್ಟ, ಮನೆಮಂದಿಯೆಲ್ಲ ಗಿಡದಡಿಯಲ್ಲಿ. ಬೆಳಗ್ಗೆ ಕಾಲೇಜಿಗೆ ಬಂದರೂ ಸಂಜೆ ಕಣದಲ್ಲಿ ಹಣ್ಣು ಹರಡುವ ಕೆಲಸ. ಪೂರ್ವಸಿದ್ಧತಾ ಪರೀಕ್ಷೆ ಬಂದದ್ದೂ ಅದೇ ಹೊತ್ತಿಗೆ. ಕಲಿಕೆಯ ತಂತ್ರಗಳ ಬಗ್ಗೆ ಬರೆಯುವವರು ಮಗುವಿನ ಬಳಿ ಒಂದು ಮೇಜು, ಒಂದು ದೀಪ, ಒಂದು ಸಂಜೆ ಇದೆ ಎಂದು ಭಾವಿಸಿಕೊಂಡೇ ಬರೆಯುತ್ತಾರೆ. ಮಲೆನಾಡಿನ ಮಕ್ಕಳಿಗೆ ವರ್ಷದಲ್ಲಿ ಕೆಲವು ತಿಂಗಳು ಸಂಜೆಯೇ ಇರುವುದಿಲ್ಲ.

ಕೊಯ್ಲು ಮುಗಿದ ಮೇಲೆ ಡಬ್ಬಿ ತೆರೆದು ನೋಡಿ ಬರೆದಳು: ಮೂರನೆಯ ಖಾನೆಯ ಚೀಟಿಗಳಲ್ಲಿ ಹೆಚ್ಚಿನವು ಬಂದವು, ಮೊದಲ ಖಾನೆಯವು ಹೆಚ್ಚುಕಡಿಮೆ ಹೊಸದಾಗಿಯೇ ಕಂಡವು. ಹಾಗಾಗಿ ಉಳಿದ ದಿನಗಳಲ್ಲಿ ಹೊಸ ಚೀಟಿ ಮಾಡಲಿಲ್ಲ. ಇದ್ದದ್ದನ್ನು ಮೂರನೆಯ ಖಾನೆಗೆ ಸಾಗಿಸುವುದೇ ಕೆಲಸವೆಂದು ತಾನೇ ತೀರ್ಮಾನಿಸಿದಳು. ನಾನು ಹೇಳಿಕೊಟ್ಟ ಯಾವ ತಂತ್ರಕ್ಕಿಂತಲೂ ಈ ತೀರ್ಮಾನ ದೊಡ್ಡದು ಎಂದು ನನ್ನ ಅಭಿಪ್ರಾಯ. ಇರುವ ಹೊತ್ತಿಗೆ ತಕ್ಕಂತೆ ವಿಧಾನವನ್ನು ಬದಲಿಸಿಕೊಳ್ಳಲು ತನ್ನ ಕಲಿಕೆಯ ಬಗ್ಗೆ ಖಚಿತ ಮಾಹಿತಿ ಬೇಕು. ಅವಳ ಬಳಿ ಅದು ಬರಹದಲ್ಲಿತ್ತು.

ವಾರ್ಷಿಕ ಪರೀಕ್ಷೆಯ 80 ಅಂಕದ ಇಂಗ್ಲಿಷ್ ಪತ್ರಿಕೆಯನ್ನು ಅವಳು ಪೂರ್ತಿ ಬರೆದಳು, ನಿರಾಳವಾಗಿ ತೇರ್ಗಡೆಯಾದಳು. ದೀರ್ಘ ಉತ್ತರಗಳು ಕೈಹಿಡಿದವು. ವ್ಯಾಕರಣದ ಭಾಗ ಅಷ್ಟಕ್ಕಷ್ಟೇ.

ಅವಳನ್ನು ನೋಡಿ ಅದೇ ಬೆಂಚಿನ ಆಚೆಗಿದ್ದ ಹುಡುಗನೊಬ್ಬ ಚೀಟಿ ಮಾಡಿದ. ಎರಡು ವಾರಕ್ಕೆ ಬಿಟ್ಟ. ಅವನಿಗೆ ಕುಳಿತು ಬರೆಯುವುದೇ ಆಗದು. ಆದರೆ ಕ್ರಿಕೆಟ್ ವೀಕ್ಷಕ ವಿವರಣೆಯನ್ನು ಇಂಗ್ಲಿಷಿನಲ್ಲಿ ಕೇಳಿ, ಮೈದಾನದಲ್ಲಿ ಗೆಳೆಯರ ಆಟಕ್ಕೆ ಹಾಗೆಯೇ ವಿವರಣೆ ಕೊಡುತ್ತಿದ್ದ. ಅವನ ಅರ್ಧ ಪುಟಗಳನ್ನು ಓದುತ್ತಾ ಹೋದಂತೆ ಅವನೂ ಅದೇ ಮೂರು ಕೆಲಸಗಳನ್ನು ಮಾಡುತ್ತಿದ್ದಾನೆ ಎಂಬುದು ತಿಳಿಯಿತು: ನೋಡದೆ ಹೇಳುವುದು, ದಿನಬಿಟ್ಟು ದಿನ ಹೇಳುವುದು, ಬಾರದ ಕಡೆ ಮತ್ತೆ ಕೇಳುವುದು. ಡಬ್ಬಿಯನ್ನು ಎಲ್ಲರಿಗೂ ಕಡ್ಡಾಯ ಮಾಡಿ ಎಂದು ಪೋಷಕರೊಬ್ಬರು ಸಲಹೆ ಕೊಟ್ಟಾಗ ನಾನು ಒಪ್ಪದಿದ್ದದ್ದು ಇದಕ್ಕೇ.

ತರಗತಿಯಲ್ಲಿ ಬದಲಾದದ್ದು

ಈಗ ನನ್ನ ಪ್ರತಿ ಇಂಗ್ಲಿಷ್ ಅವಧಿಯ ಕೊನೆಯಲ್ಲಿ ಪುಸ್ತಕ ಮುಚ್ಚಿಸುತ್ತೇನೆ. ಅಂದಿನ ಪಾಠದಲ್ಲಿ ನೆನಪಿರುವುದನ್ನು ಮಕ್ಕಳು ಇಂಗ್ಲಿಷಿನಲ್ಲಿ ಬರೆಯಬೇಕು, ಬಾರದ ಕಡೆ ಕನ್ನಡ ಪದವನ್ನೇ ಇಟ್ಟು ಮುಂದುವರಿಯಬೇಕು. ಅಂಕ ಇಲ್ಲ. ಮರುದಿನದ ಪಾಠ ಶುರುವಾಗುವುದು ಆ ಕನ್ನಡ ಪದಗಳಿಂದ. ಪಠ್ಯಕ್ರಮ ಮುಗಿಸಲು ಹೊತ್ತೆಲ್ಲಿ ಎಂಬ ಆಕ್ಷೇಪ ಬಂದಿದೆ. ನೋಟ್ಸ್ ಬರೆಸಲು ಹೋಗುತ್ತಿದ್ದ ಹೊತ್ತೇ ಇದಕ್ಕೆ ಸಾಕಾಗುತ್ತದೆ, ಮಿಕ್ಕೂ ಮಿಗುತ್ತದೆ. ನೋಟ್ಸ್ ಪುಸ್ತಕ ತುಂಬಿಲ್ಲವೆಂದು ಮೊದಮೊದಲು ಆತಂಕಪಟ್ಟವರು ಮನೆಯವರು. ತುಂಬಿದ ಪುಸ್ತಕ ಕಣ್ಣಿಗೆ ಕಾಣುತ್ತದೆ, ತುಂಬಿದ ನೆನಪು ಕಾಣುವುದಿಲ್ಲ. ಅವರ ಆತಂಕ ಸಹಜ. ಪೋಷಕರ ಸಭೆಯಲ್ಲಿ ಈ ವಿದ್ಯಾರ್ಥಿನಿಯ ಎರಡು ಉತ್ತರಪತ್ರಿಕೆಗಳನ್ನು, ಅವಳನ್ನು ಕೇಳಿಯೇ, ಹೆಸರು ಮರೆಮಾಡಿ ಅಕ್ಕಪಕ್ಕ ಇಟ್ಟು ತೋರಿಸಿದೆ. ಅಚ್ಚುಕಟ್ಟಾದ ಮೂರೂವರೆ ವಾಕ್ಯ ಒಂದು ಕಡೆ, ತಪ್ಪುಗಳಿರುವ ಎರಡು ಪುಟ ಇನ್ನೊಂದು ಕಡೆ.

ಅವಳೀಗ ಹಾಸನದಲ್ಲಿ ಪದವಿ ಓದುತ್ತಿದ್ದಾಳೆ, ಐಚ್ಛಿಕ ಇತಿಹಾಸ. ಪರಿಚಯವಿಲ್ಲದವರು ವೇಗವಾಗಿ ಆಡುವ ಇಂಗ್ಲಿಷ್ ಇನ್ನೂ ಹಿಡಿತಕ್ಕೆ ಬಂದಿಲ್ಲವೆಂದು ಬರೆದಿದ್ದಾಳೆ. ಗೈಡಿನ ದನಿ, ನನ್ನ ದನಿ ಎರಡಕ್ಕೇ ಕಿವಿ ಪಳಗಿದೆ ಎಂಬುದು ಅವಳ ಊಹೆ. ಅದನ್ನು ಪರೀಕ್ಷಿಸಲು ವಾರ್ತೆಯನ್ನು ಮೊದಲು ಕನ್ನಡದಲ್ಲಿ ಕೇಳಿ, ಆಮೇಲೆ ಇಂಗ್ಲಿಷಿನಲ್ಲಿ ಕೇಳಿ, ಉಳಿದದ್ದನ್ನು ಬರೆಯುತ್ತಿದ್ದಾಳೆ.

ಈ ವರ್ಷ ಪ್ರಥಮ ಪಿಯುಸಿಗೆ ಸೇರಿದವರಿಗೆ ಕೊಟ್ಟಿರುವ ಅವಲೋಕನ ಹಾಳೆಯಲ್ಲಿ ಹೊಸದಾಗಿ ಒಂದು ಪ್ರಶ್ನೆ ಸೇರಿದೆ, ಮೊದಲ ವಾರವೇ ಬರೆಯಬೇಕಾದದ್ದು: ಶಾಲೆಯ ಹೊರಗೆ, ಮನೆಯಲ್ಲೋ ತೋಟದಲ್ಲೋ ಮೈದಾನದಲ್ಲೋ, ನೀವು ಚೆನ್ನಾಗಿ ಕಲಿತ ಯಾವುದಾದರೂ ಒಂದು ಕೆಲಸವನ್ನು ನೆನಪಿಸಿಕೊಳ್ಳಿ. ಅದನ್ನು ಯಾರು ಕಲಿಸಿದರು, ಹೇಗೆ ಕಲಿಸಿದರು, ತಪ್ಪಿದಾಗ ಏನು ಮಾಡಿದರು?